ನಾಲ್ಕು ಪ್ರೊಪೆಲರಿನ ಹದ

1907ರಲ್ಲಿ ಫ್ರಾನ್ಸಿನಲ್ಲಿ ಒಂದು ವಿಚಿತ್ರ ಯಂತ್ರ ನೆಲ ಬಿಟ್ಟು ಮೇಲೆದ್ದಿತು. ನಡುವೆ ಎಂಜಿನ್ನು, ಅದರ ಪಕ್ಕದಲ್ಲಿ ಕೂತ ಒಬ್ಬ ಚಾಲಕ, ನಾಲ್ಕು ದಿಕ್ಕಿಗೆ ಚಾಚಿದ ನಾಲ್ಕು ಉದ್ದ ತೋಳು, ಪ್ರತಿ ತೋಳಿನ ತುದಿಯಲ್ಲೂ ತಿರುಗುವ ರೆಕ್ಕೆಗಳು. ಇದನ್ನು ಕಟ್ಟಿದವರು ಬ್ರೆಗೆ ಸಹೋದರರು. ಅವರ ಜೊತೆಗಿದ್ದ ಪ್ರೊಫೆಸರ್ ಶಾರ್ಲ್ ರಿಷೆ ವೈದ್ಯವಿಜ್ಞಾನಿ. 1913ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು, ಆದರೆ ಹಾರಾಟಕ್ಕಲ್ಲ, ಅಲರ್ಜಿಯ ಕುರಿತ ಸಂಶೋಧನೆಗೆ.

ಯಂತ್ರ ಎಷ್ಟು ಎತ್ತರ ಹೋಯಿತು ಅಂತೀರಾ? ಸುಮಾರು ಎರಡು ಅಡಿ. ಅದೂ ಒಂಟಿಯಾಗಿ ಅಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಜನ ನಿಂತು ಒಂದೊಂದು ತೋಳನ್ನು ಹಿಡಿದುಕೊಂಡಿದ್ದರು. ಮೇಲಕ್ಕೆತ್ತಿದ್ದು ಎಂಜಿನ್ನೇ, ಅವರಲ್ಲ. ಅವರ ಕೆಲಸ ಯಂತ್ರ ಓಲಾಡದಂತೆ, ಪಕ್ಕಕ್ಕೆ ವಾಲದಂತೆ ನೋಡಿಕೊಳ್ಳುವುದು.

ಈಗ ಆಟಿಕೆ ಅಂಗಡಿಯಲ್ಲಿ ಸಿಗುವ ಅಂಗೈಯಗಲದ ಡ್ರೋನ್ ನೋಡಿ. ಗುಂಡಿ ಒತ್ತಿದರೆ ಎದೆಮಟ್ಟಕ್ಕೆ ಏರಿ, ಯಾರೂ ಹಿಡಿಯದೆಯೇ ಗಾಳಿಯಲ್ಲಿ ನಿಲ್ಲುತ್ತದೆ. ಹಾಗಾದರೆ ಆ ನಾಲ್ಕು ಜನ ಎಲ್ಲಿಗೆ ಹೋದರು? ಡ್ರೋನಿನ ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಹಾರುವುದು ಕಷ್ಟವಲ್ಲ. ಹಾರುತ್ತಾ ನೆಟ್ಟಗೆ ಇರುವುದು ಕಷ್ಟ.

ಮೊದಲು ಹಾರುವ ಸಂಗತಿ ಮುಗಿಸೋಣ. ಪ್ರೊಪೆಲರ್ ತಿರುಗುತ್ತಾ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅಷ್ಟೇ ಬಲದಿಂದ ಅದನ್ನು ಮೇಲಕ್ಕೆ ತಳ್ಳುತ್ತದೆ. ಡ್ರೋನ್ 200 ಗ್ರಾಂ ತೂಗಿದರೆ ಒಂದೊಂದು ಪ್ರೊಪೆಲರ್ 50 ಗ್ರಾಂ ಭಾರ ಹೊತ್ತರೆ ಸಾಕು, ಡ್ರೋನ್ ಇದ್ದಲ್ಲೇ ನಿಲ್ಲುತ್ತದೆ. ಪ್ರೊಪೆಲರಿನ ವೇಗ ಎರಡು ಪಟ್ಟಾದರೆ ಎತ್ತುವ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಬ್ಯಾಟರಿಯಿಂದ ಎಳೆಯುವ ಶಕ್ತಿಯಂತೂ ಸುಮಾರು ಎಂಟು ಪಟ್ಟು. ಆಟಿಕೆ ಡ್ರೋನ್‌ಗಳು ಇಷ್ಟು ಬೇಗ ಸುಸ್ತಾಗಿ ಇಳಿಯುವುದೇಕೆ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ. ಇನ್ನೊಂದು ವಿಷಯ: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಕಡಲ ತೀರದ ಗಾಳಿಗಿಂತ ನೂರಕ್ಕೆ ಎಂಟು ಪಾಲಿನಷ್ಟು ತೆಳು. ಹೀಗಾಗಿ ಅದೇ ಡ್ರೋನಿನ ಪ್ರೊಪೆಲರ್‌ಗಳು ಮಂಗಳೂರಿನ ಪಣಂಬೂರಿನಲ್ಲಿ ತಿರುಗುವುದಕ್ಕಿಂತ ಬೆಂಗಳೂರಿನ ಬಸವನಗುಡಿಯಲ್ಲಿ ತುಸು ಜೋರಾಗಿ ತಿರುಗಬೇಕಾಗುತ್ತದೆ.

ನಿಮ್ಮ ಡ್ರೋನಿನ ಪ್ರೊಪೆಲರ್‌ಗಳನ್ನು ಹತ್ತಿರದಿಂದ ನೋಡಿ. ಎಲ್ಲವೂ ಒಂದೇ ತರಹ ಇರುವುದಿಲ್ಲ. ಎರಡರ ಓರೆ ಒಂದು ಕಡೆಗಿದ್ದರೆ ಇನ್ನೆರಡರ ಓರೆ ಇನ್ನೊಂದು ಕಡೆಗೆ. ಮೋಟಾರ್ ಪ್ರೊಪೆಲರನ್ನು ಬಲಕ್ಕೆ ತಿರುಗಿಸಿದರೆ ಡ್ರೋನಿನ ಮೈ ಎಡಕ್ಕೆ ತಿರುಗಲು ನೋಡುತ್ತದೆ. ಹೆಲಿಕಾಪ್ಟರಿಗೆ ಬಾಲದಲ್ಲಿ ಪುಟ್ಟ ಫ್ಯಾನ್ ಇರುವುದು ಈ ಗಿರಕಿಯನ್ನು ತಡೆಯಲಿಕ್ಕೆ. ನಾಲ್ಕು ಪ್ರೊಪೆಲರಿನ ಡ್ರೋನಿಗೆ ಬಾಲ ಬೇಡ. ಕರ್ಣರೇಖೆಯಲ್ಲಿ ಎದುರುಬದುರಾಗಿರುವ ಎರಡು ಒಂದು ದಿಕ್ಕಿಗೆ ತಿರುಗುತ್ತವೆ, ಉಳಿದೆರಡು ಅದರ ವಿರುದ್ಧ ದಿಕ್ಕಿಗೆ. ಒಂದು ಜೋಡಿಯ ಗಿರಕಿಯನ್ನು ಇನ್ನೊಂದು ಜೋಡಿ ಕಳೆದು ಸಮ ಮಾಡುತ್ತದೆ.

ಡ್ರೋನನ್ನು ತಿರುಗಿಸುವುದೂ, ಓಡಿಸುವುದೂ ಈ ನಾಲ್ಕರ ವೇಗದಿಂದಲೇ. ಹಿಂದಿನೆರಡು ಜೋರಾದರೆ ಬಾಲ ಎದ್ದು ಮೂತಿ ಬಾಗುತ್ತದೆ, ಡ್ರೋನ್ ಮುಂದಕ್ಕೆ ಹೋಗುತ್ತದೆ. ಎಡಗಡೆಯ ಎರಡು ಜೋರಾದರೆ ಬಲಕ್ಕೆ ಸರಿಯುತ್ತದೆ. ಒಂದು ಕರ್ಣದ ಜೋಡಿ ಜೋರಾಗಿ ಇನ್ನೊಂದು ಜೋಡಿ ನಿಧಾನವಾದರೆ ಇದ್ದಲ್ಲೇ ತಿರುಗುತ್ತದೆ. ಬೇರೆ ಚುಕ್ಕಾಣಿ ಇಲ್ಲ, ಅಲುಗಾಡುವ ರೆಕ್ಕೆ ಇಲ್ಲ. ತಯಾರಿಸುವವರಿಗೆ ಇದಕ್ಕಿಂತ ಸುಲಭದ ಹಾರುವ ಯಂತ್ರ ಇನ್ನೊಂದಿರಲಾರದು.

ಹಾರಿಸುವವರಿಗೆ ಮಾತ್ರ ಇದು ತಲೆನೋವೇ ಆಗಿತ್ತು. 1922ರ ಡಿಸೆಂಬರಿನಲ್ಲಿ ಅಮೆರಿಕದ ಡೇಟನ್ ನಗರದಲ್ಲಿ ಜಾರ್ಜ್ ಡಿ ಬೊತೆಝಾತ್ ಎಂಬ ಎಂಜಿನಿಯರ್ ಅಲ್ಲಿನ ಸೇನೆಗಾಗಿ ನಾಲ್ಕು ರೋಟರಿನ ದೊಡ್ಡ ಯಂತ್ರವೊಂದರ ಹಾರಾಟ ತೋರಿಸಿದರು. ಡೇಟನ್ ಅಂದರೆ ರೈಟ್ ಸಹೋದರರ ಊರು. ಯಂತ್ರ ಎದ್ದಿತು, ಒಂದೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಗಾಳಿಯಲ್ಲಿತ್ತು. ಆದರೆ ಅದರ ಭಾಗಗಳು ಬಲು ಜಟಿಲ, ಚಾಲಕನಿಗೆ ಪುರಸೊತ್ತೇ ಇರಲಿಲ್ಲ. ಕೊನೆಗೆ ಸೇನೆ ಕೈಬಿಟ್ಟಿತು. 1924ರಲ್ಲಿ ಫ್ರಾನ್ಸಿನ ಎತಿಯೆನ್ ಎಮಿಶೆನ್ ತನ್ನ ಯಂತ್ರದಲ್ಲಿ ಒಂದು ಕಿಲೋಮೀಟರ್ ಸುತ್ತು ಹಾಕಿ ಬಂದರು. ಸಮತೋಲಕ್ಕೂ ಚಲನೆಗೂ ಅವರು ನಾಲ್ಕು ದೊಡ್ಡ ರೋಟರ್ ಸಾಲದೆಂದು ಎಂಟು ಚಿಕ್ಕ ಪ್ರೊಪೆಲರ್ ಸೇರಿಸಬೇಕಾಯಿತು!

ತೊಂದರೆ ಎಲ್ಲಿದೆ ಎಂದು ಮನೆಯಲ್ಲೇ ನೋಡಬಹುದು. ಒಂದು ಮೀಟರ್ ಉದ್ದದ ಕೋಲನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ. ಅದು ವಾಲಿದ ಕಡೆಗೆ ಕೈ ಸರಿಸುತ್ತಾ ಹೋದರೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಈಗ ಕಣ್ಣು ಮುಚ್ಚಿ ಮಾಡಿ. ತಕ್ಷಣ ಬೀಳುತ್ತದೆ. ಕೋಲಿನ ಬದಲು ಪೆನ್ಸಿಲ್ ಹಿಡಿದರೆ ಕಣ್ಣು ತೆರೆದಿದ್ದರೂ ಬೀಳುತ್ತದೆ, ಯಾಕೆಂದರೆ ಗಿಡ್ಡ ಪೆನ್ಸಿಲ್ ಉದ್ದ ಕೋಲಿಗಿಂತ ಎರಡೂವರೆ ಪಟ್ಟು ಬೇಗ ವಾಲುತ್ತದೆ. ನಿಮ್ಮ ಕಣ್ಣು ನೋಡಿ, ಮಿದುಳು ಲೆಕ್ಕ ಹಾಕಿ, ಕೈ ಅಲ್ಲಾಡುವಷ್ಟರಲ್ಲಿ ಆಟ ಮುಗಿದಿರುತ್ತದೆ. ಪುಟ್ಟ ಡ್ರೋನೂ ಪೆನ್ಸಿಲಿನಷ್ಟೇ ಚುರುಕು. ಒಂದು ವ್ಯತ್ಯಾಸವಿದೆ, ಹೇಳಿಬಿಡುತ್ತೇನೆ: ವಾಲಿದ ಕೋಲು ಇನ್ನಷ್ಟು ವಾಲುತ್ತಲೇ ಹೋಗುತ್ತದೆ, ವಾಲಿದ ಡ್ರೋನ್ ಆ ಕಡೆಗೆ ಜಾರುತ್ತಾ ಹೋಗುತ್ತದೆ. ಆದರೆ ತಾನಾಗಿ ನೆಟ್ಟಗಾಗುವ ಗುಣ ಎರಡಕ್ಕೂ ಇಲ್ಲ. ಬ್ಯಾಟರಿಯನ್ನು ಕೆಳಗೆ ತೂಗುಹಾಕಿದರೆ ಲೋಲಕದಂತೆ ನೆಟ್ಟಗಾದೀತು ಎಂದು ಹಲವರು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಡ್ರೋನ್ ವಾಲಿದಾಗ ಪ್ರೊಪೆಲರ್‌ಗಳ ಎಳೆತವೂ ಅದರ ಜೊತೆಗೇ ವಾಲುತ್ತದಲ್ಲ.

ಹಾಗಾಗಿ ಡ್ರೋನಿಗೆ ಬೇಕಾದದ್ದು ನಮಗಿಂತ ಚುರುಕಾದ ಕಣ್ಣು ಮತ್ತು ನಮಗಿಂತ ಚುರುಕಾದ ಕೈ. ಕಣ್ಣಿನ ಕೆಲಸ ಮಾಡುವುದು ಗೈರೋ ಎಂಬ ಸಂವೇದಕ. ಕೆಲವೇ ಮಿಲಿಮೀಟರ್ ಅಗಲದ ಚಿಪ್ಪಿನೊಳಗೆ ಕೂದಲಿಗಿಂತ ಸಣ್ಣ ಸಿಲಿಕಾನ್ ಭಾಗಗಳು ಸದಾ ಕಂಪಿಸುತ್ತಿರುತ್ತವೆ. ಡ್ರೋನ್ ತಿರುಗಿದರೆ ಆ ಕಂಪನ ಸ್ವಲ್ಪ ಪಕ್ಕಕ್ಕೆ ಹೊರಳುತ್ತದೆ. ಬಂಗಾಳಕೊಲ್ಲಿಯ ಚಂಡಮಾರುತ ಗಿರಗಿರ ಸುತ್ತುವುದೂ ಇದೇ ಪರಿಣಾಮದಿಂದ. ಅದಕ್ಕೆ ಕೊರಿಯಾಲಿಸ್ ಪರಿಣಾಮ ಎಂದು ಹೆಸರು. ಚಂಡಮಾರುತದಲ್ಲಿ ಭೂಮಿ ತಿರುಗುವುದರಿಂದ ಆಗುವುದು, ಗೈರೋ ಚಿಪ್ಪಿನಲ್ಲಿ ಡ್ರೋನ್ ತಿರುಗುವುದರಿಂದ ಆಗುತ್ತದೆ. ಪಕ್ಕದಲ್ಲಿ ಇನ್ನೊಂದು ಸಂವೇದಕ ಕೆಳಗೆ ಯಾವ ಕಡೆ ಎಂದು ಹೇಳುತ್ತಿರುತ್ತದೆ. ಇವುಗಳ ಮಾತನ್ನು ಫ್ಲೈಟ್ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಲ ಕೇಳಿಸಿಕೊಂಡು, ಅಷ್ಟೇ ಸಲ ನಾಲ್ಕು ಮೋಟಾರುಗಳ ವೇಗ ತಿದ್ದುತ್ತದೆ. ನಾಲ್ಕು ಮೂಲೆಯಲ್ಲಿ ನಿಂತಿದ್ದ ಆ ನಾಲ್ಕು ಜನ ಈಗ ಇಲ್ಲಿದ್ದಾರೆ.

ಆದರೆ ಎಷ್ಟು ತಿದ್ದಬೇಕು? ಇದೇ ಹದ. ಇದರ ಲೆಕ್ಕ ಹುಟ್ಟಿದ್ದು ಆಕಾಶದಲ್ಲಲ್ಲ, ಹಡಗಿನ ಮೇಲೆ. ಡಿ ಬೊತೆಝಾತ್ ಯಂತ್ರ ಹಾರಿದ ಅದೇ 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬವರು ಹಡಗನ್ನು ತಾನಾಗಿ ದಿಕ್ಕಿನಲ್ಲಿ ಇಡುವ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಇಬ್ಬರೂ ರಷ್ಯಾದಿಂದ ಅಮೆರಿಕಕ್ಕೆ ಬಂದವರು. ನುರಿತ ಚುಕ್ಕಾಣಿಗಾರ ಏನು ಮಾಡುತ್ತಾನೆಂದು ಮಿನೋರ್ಸ್ಕಿ ಗಮನಿಸಿದ್ದರು. ಹಡಗು ಈಗ ಎಷ್ಟು ದಾರಿ ತಪ್ಪಿದೆ ಎಂಬುದನ್ನಷ್ಟೇ ಅವನು ನೋಡುವುದಿಲ್ಲ. ಎಷ್ಟು ಹೊತ್ತಿನಿಂದ ತಪ್ಪುತ್ತಾ ಬಂದಿದೆ, ಎಷ್ಟು ವೇಗವಾಗಿ ತಪ್ಪುತ್ತಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾನೆ. ಆ ಮೂರು ಲೆಕ್ಕಗಳೇ ಇಂದು ಡ್ರೋನಿನೊಳಗಿವೆ. ಹಾರಿಸುವವರು ಅವನ್ನು ಪಿ, ಐ, ಡಿ ಎಂದು ಕರೆಯುತ್ತಾರೆ.

ಮತ್ತೆ ಅಂಗೈಯ ಕೋಲಿಗೆ ಬನ್ನಿ. ಕೋಲು ಹೆಚ್ಚು ವಾಲಿದಷ್ಟೂ ಕೈಯನ್ನು ಹೆಚ್ಚು ಸರಿಸುತ್ತೀರಿ. ಅದು ಪಿ. ಪಿ ಕಡಿಮೆಯಾದರೆ ಡ್ರೋನ್ ಸೋಮಾರಿ, ನೀವು ಹೇಳಿದ ಮೇಲೆ ನಿಧಾನಕ್ಕೆ ಏಳುತ್ತದೆ. ಪಿ ಹೆಚ್ಚಾದರೆ ಗಾಬರಿ ಬಿದ್ದವರಂತೆ ಅತ್ತ ತಿದ್ದಿ, ಜಾಸ್ತಿಯಾಯಿತೆಂದು ಇತ್ತ ತಿದ್ದಿ, ಗಡಗಡ ನಡುಗುತ್ತದೆ. ಕೋಲು ನೆಟ್ಟಗಾಗುತ್ತಾ ಬಂದಾಗ ಕೈಯ ವೇಗ ತಗ್ಗಿಸುತ್ತೀರಲ್ಲ, ಅದು ಡಿ. ಪಿಯ ಆವೇಶಕ್ಕೆ ಡಿ ಬ್ರೇಕು. ಆದರೆ ಬ್ರೇಕನ್ನು ವಿಪರೀತ ಒತ್ತಿದರೆ ಡ್ರೋನ್ ಪ್ರತಿ ಸಣ್ಣ ಅದುರಿಗೂ ಬೆಚ್ಚುತ್ತದೆ, ಮೋಟಾರ್ ಕರ್ಕಶವಾಗಿ ಗುಂಯ್‌ಗುಡುತ್ತದೆ, ಕಾದುಹೋಗುತ್ತದೆ. ಇನ್ನು ಒಂದೇ ಕಡೆಯಿಂದ ಫ್ಯಾನಿನ ಗಾಳಿ ಬೀಸುತ್ತಿದೆ ಅನ್ನಿ. ಕೋಲು ಪದೇಪದೇ ಅದೇ ಕಡೆಗೆ ವಾಲುವುದನ್ನು ನೆನಪಿಟ್ಟುಕೊಂಡು ಕೈಯನ್ನು ಮೊದಲೇ ತುಸು ಆ ಕಡೆ ಇಡುತ್ತೀರಿ. ಅದು ಐ.

ಅಂಗಡಿಯಿಂದ ತಂದ ಸಿದ್ಧ ಡ್ರೋನಿಗೆ ಈ ಅಂಕಿಗಳನ್ನು ತಯಾರಕರೇ ಹಾಕಿರುತ್ತಾರೆ, ನೀವು ಮುಟ್ಟುವ ಹಾಗಿಲ್ಲ. ಸ್ವತಃ ಜೋಡಿಸಿದ ಡ್ರೋನಿಗೆ ಬೀಟಾಫ್ಲೈಟ್, ಆರ್ಡುಪೈಲಟ್‌ನಂಥ ತಂತ್ರಾಂಶಗಳಿವೆ. ಕಂಪ್ಯೂಟರಿಗೆ ಡ್ರೋನ್ ಸಿಕ್ಕಿಸಿ ಅಂಕಿ ಬದಲಿಸಬಹುದು. ಇಲ್ಲಿ ನನ್ನದೊಂದು ಕಟ್ಟುನಿಟ್ಟಿನ ಮಾತು: ಹೊಸಬರು ಅಂಕಿಗೆ ಕೈ ಹಾಕುವ ಮೊದಲು ಸ್ಕ್ರೂಡ್ರೈವರಿಗೆ ಕೈ ಹಾಕಿ. ನಡುಗುವ ಡ್ರೋನಿನ ಕಾಯಿಲೆ ಬಹಳ ಸಲ ಲೆಕ್ಕದಲ್ಲಿರುವುದಿಲ್ಲ. ಅದು ಗೋಡೆಗೆ ಬಡಿದು ಅಂಚು ಮುರಿದ ಪ್ರೊಪೆಲರಿನಲ್ಲಿ, ಸಡಿಲವಾದ ಸ್ಕ್ರೂವಿನಲ್ಲಿ, ಮೋಟಾರಿನ ಕಡ್ಡಿಗೆ ಸುತ್ತಿದ ಕೂದಲಿನಲ್ಲಿ ಇರುತ್ತದೆ. ಸದಾ ಒಂದೇ ಕಡೆ ಜಾರುತ್ತಿದ್ದರೆ ಬ್ಯಾಟರಿ ನಡುವಿನಲ್ಲಿದೆಯೇ ನೋಡಿ. ಆಮೇಲೆ ಸಮತಟ್ಟಾದ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ, ಅಂದರೆ ನೇರ ಯಾವುದೆಂದು ಅದಕ್ಕೆ ಕಲಿಸಿ. ಓರೆಯಾದ ನೆಲದ ಮೇಲೆ ಕ್ಯಾಲಿಬ್ರೇಟ್ ಮಾಡಿದರೆ ಪಾಪದ ಡ್ರೋನ್ ಆ ಓರೆಯನ್ನೇ ನೇರ ಎಂದು ನಂಬಿಕೊಳ್ಳುತ್ತದೆ. ಇಷ್ಟಾದ ಮೇಲೂ ಸ್ವಲ್ಪ ಜಾರಿದರೆ ರಿಮೋಟಿನ ಟ್ರಿಮ್ ಗುಂಡಿಯನ್ನು ವಿರುದ್ಧ ದಿಕ್ಕಿಗೆ ಒಂದೊಂದೇ ಸಲ ಒತ್ತಿ.

ಮುರಿದ ಪ್ರೊಪೆಲರ್ ಬದಲಿಸುವಾಗ ಗುರುತು ನೋಡಿ. ಬಹಳಷ್ಟು ಡ್ರೋನ್‌ಗಳಲ್ಲಿ ಎರಡು ಬಗೆಗೆ ಬೇರೆ ಬೇರೆ ಅಕ್ಷರ ಇರುತ್ತದೆ. ಅದಲು ಬದಲಾದರೆ ಆ ಮೂಲೆಯ ಪ್ರೊಪೆಲರ್ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಡ್ರೋನ್ ಏಳುವ ಬದಲು ಪಲ್ಟಿ ಹೊಡೆಯುತ್ತದೆ.

ಅಂಕಿ ತಿದ್ದಲೇಬೇಕಾದರೆ ದೊಡ್ಡವರ ಜೊತೆ ಕೂತು, ಒಂದು ಸಲಕ್ಕೆ ಒಂದೇ ಅಂಕಿ, ಅದೂ ಸ್ವಲ್ಪವೇ. ಮೊದಲಿದ್ದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ನಿಮಿಷ ಹಾರಿಸಿ ಇಳಿಸಿ, ಬ್ಯಾಟರಿ ಬಿಚ್ಚಿ, ಮೋಟಾರುಗಳು ಎಷ್ಟು ಕಾದಿವೆ ಎಂದು ದೊಡ್ಡವರು ಮುಟ್ಟಿ ನೋಡಲಿ. ಮುಟ್ಟಲಾಗದಷ್ಟು ಬಿಸಿಯಿದ್ದರೆ ತಿದ್ದಿದ್ದು ಅತಿಯಾಯಿತು. ಡ್ರೋನ್ ಕಂಪ್ಯೂಟರಿಗೆ ಸಿಕ್ಕಿಕೊಂಡಿರುವಾಗ ಪ್ರೊಪೆಲರ್‌ಗಳು ಅದರ ಮೇಲೆ ಇರಲೇಬಾರದು. ಬಿಚ್ಚಿ ಪಕ್ಕಕ್ಕಿಡಿ. ತಪ್ಪಿ ಒಂದು ಗುಂಡಿ ಒತ್ತಿ ಮೋಟಾರ್ ತಿರುಗಿದರೂ ಬರಿಯ ಕಡ್ಡಿ ಯಾರನ್ನೂ ಕೊಯ್ಯುವುದಿಲ್ಲ.

ಕೊಯ್ಯುವುದೇ? ಒಂದು ಲೆಕ್ಕ ಮಾಡಿ. ಮೂರು ಇಂಚು ಅಗಲದ ಪ್ರೊಪೆಲರ್ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 80 ಮೀಟರ್ ಓಡುತ್ತದೆ. ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚು! ಪ್ಲಾಸ್ಟಿಕ್ಕಾದರೇನು, ಆ ವೇಗದಲ್ಲಿ ಅದು ಬ್ಲೇಡೇ. ಹಾಗಾಗಿ ಹಾರುವ ಡ್ರೋನನ್ನು ಕೈಯಿಂದ ಹಿಡಿಯಬೇಡಿ, ಎಷ್ಟೇ ಪುಟ್ಟದಿರಲಿ. ಉದ್ದ ಕೂದಲಿದ್ದರೆ ಹಿಂದಕ್ಕೆ ಕಟ್ಟಿ. ಮೊದಲ ಹಾರಾಟಗಳಲ್ಲಿ ಪ್ರೊಪೆಲರಿನ ಸುತ್ತ ಪ್ಲಾಸ್ಟಿಕ್ ಬಳೆಯ ರಕ್ಷಣೆ ಇರುವ ಡ್ರೋನ್ ಒಳ್ಳೆಯದು. ರಿಮೋಟನ್ನು ಮೊದಲು ಆನ್ ಮಾಡಿ, ಆಮೇಲೆ ಡ್ರೋನ್. ಮುಗಿದ ಮೇಲೆ ಡ್ರೋನನ್ನು ಮೊದಲು ಆಫ್ ಮಾಡಿ, ಕೊನೆಗೆ ರಿಮೋಟ್. ಹೀಗಿದ್ದರೆ ಡ್ರೋನ್ ಯಜಮಾನನಿಲ್ಲದೆ ಒಂದು ಕ್ಷಣವೂ ಎಚ್ಚರವಾಗಿರುವುದಿಲ್ಲ.

ಬ್ಯಾಟರಿಯದು ಬೇರೆಯೇ ಪ್ರಕೃತಿ. ಅದು ಲಿಥಿಯಂ ಪಾಲಿಮರ್ ಜಾತಿಯದು. ಪುಟ್ಟ ಮೈಯಲ್ಲಿ ಬಹಳ ಶಕ್ತಿ, ಸಿಟ್ಟು ಬಂದರೆ ಬೆಂಕಿ. ಪೂರ್ತಿ ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್ ಇರುತ್ತದೆ. 3.5ಕ್ಕೆ ಇಳಿಯುವಷ್ಟರಲ್ಲಿ ಡ್ರೋನ್ ನೆಲದ ಮೇಲಿರಬೇಕು. 3ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಕೆಡುತ್ತದೆ. ಚಾರ್ಜಿಗೆ ಹಾಕಿ ಮಲಗುವುದು, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗುವುದು ಬೇಡ. ಪೂರಿಯಂತೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಒತ್ತಿ ಚಪ್ಪಟೆ ಮಾಡಲೂ ಹೋಗಬೇಡಿ. ದೊಡ್ಡವರಿಗೆ ಕೊಟ್ಟುಬಿಡಿ.

ಎಲ್ಲಿ ಹಾರಿಸಬೇಕು ಎನ್ನುವುದಕ್ಕೆ ಕಾನೂನು ಇದೆ. ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ ಡ್ರೋನ್. ಆಟಕ್ಕಾಗಿ ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ಪ್ರಮಾಣಪತ್ರ ಬೇಕಾಗುವ ಡ್ರೋನ್‌ಗಳನ್ನು ಹಾರಿಸುವವರಿಗೆ 18 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ಭಾಗ ಮಾಡಿದ್ದಾರೆ. ಹಸಿರಿನಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ ಹಾರಿಸಬಹುದು, ಉಳಿದವುಗಳಲ್ಲಿ ಅನುಮತಿ ಇಲ್ಲದೆ ಇಲ್ಲ. ಬೆಂಗಳೂರಿನ ಮಕ್ಕಳು ಇದನ್ನು ಹೆಚ್ಚು ಗಮನಿಸಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ, ಎಚ್‌ಎಎಲ್, ಯಲಹಂಕದ ವಾಯುನೆಲೆ, ಜಕ್ಕೂರು, ಇಷ್ಟೂ ಒಂದೇ ಊರಿನ ಸುತ್ತ ಇವೆ. ನಿಮ್ಮ ಮನೆಯ ಮಹಡಿ ಯಾವ ಬಣ್ಣದಲ್ಲಿದೆ ಎಂದು ಅಪ್ಪ ಅಮ್ಮನ ಜೊತೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ. ನೋಂದಣಿಯ ವಿಷಯವನ್ನೂ ಅವರೇ ವಿಚಾರಿಸಲಿ.

ಬಣ್ಣ ಹಸಿರಾದರೂ ಜನರ ತಲೆಯ ಮೇಲೆ, ರಸ್ತೆಯ ಮೇಲೆ, ಕರೆಂಟ್ ತಂತಿಯ ಹತ್ತಿರ ಬೇಡ. ತಂತಿಯಲ್ಲಿ ಸಿಕ್ಕಿಕೊಂಡ ಡ್ರೋನನ್ನು ಕೋಲಿನಿಂದ ಕೆಡಹಲು ಹೋಗಲೇಬಾರದು. ಆಕಾಶದಲ್ಲಿ ಹದ್ದು ಸುತ್ತುತ್ತಿದ್ದರೆ ಇಳಿಸಿಬಿಡಿ. ಅದು ತನ್ನ ಜಾಗಕ್ಕೆ ಯಾರೋ ನುಗ್ಗಿದರೆಂದು ಎರಗುವುದುಂಟು, ಪ್ರೊಪೆಲರ್ ಅದಕ್ಕೂ ಗಾಯ ಮಾಡುತ್ತದೆ.

ಗಾಳಿ ಏಳುವ ಮೊದಲಿನ ಬೆಳಗಿನ ಹೊತ್ತು, ಹುಲ್ಲಿನ ಬಯಲು, ಡ್ರೋನಿನ ಬಾಲ ನಿಮ್ಮ ಕಡೆಗೆ. ಮೊದಲ ಹಾರಾಟಕ್ಕೆ ಇವಿಷ್ಟು ಸಾಕು. ಸಾಮಾನ್ಯವಾಗಿ ಎಡಗೈಯ ಸ್ಟಿಕ್ ಏರಿಸಿ ಇಳಿಸಿ ತಿರುಗಿಸುತ್ತದೆ, ಬಲಗೈಯದು ನಾಲ್ಕು ದಿಕ್ಕಿಗೆ ಸರಿಸುತ್ತದೆ. ಹೊಸಬರು ಹೆದರಿ ಪಾದದ ಮಟ್ಟದಲ್ಲೇ ಹಾರಿಸುತ್ತಾರೆ. ಅಲ್ಲಿಯೇ ಡ್ರೋನ್ ಹೆಚ್ಚು ತೂರಾಡುವುದು! ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಚೆಲ್ಲಿ ಅದನ್ನು ಎತ್ತೆತ್ತಲೋ ನೂಕುತ್ತದೆ. ಹಿಂಜರಿಯದೆ ಎದೆಮಟ್ಟಕ್ಕೆ ಏರಿಸಿ, ಅಲ್ಲಿ ಅದು ಶಾಂತವಾಗುತ್ತದೆ. ಮನೆಯೊಳಗಾದರೆ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಚಾವಣಿಯಿಂದಲೂ ದೂರವಿಡಿ. ಹತ್ತಿರ ಹೋದರೆ ಮೇಲಿನ ಗಾಳಿಯೆಲ್ಲ ಹೀರಿಹೋಗಿ ಡ್ರೋನ್ ಚಾವಣಿಗೆ ಅಂಟಿಕೊಳ್ಳುವಂತೆ ಸೆಳೆಯಲ್ಪಡುತ್ತದೆ.

ಮುಂದಕ್ಕೆ ಸರಿಸಿದಾಗ ಡ್ರೋನ್ ಸ್ವಲ್ಪ ಕೆಳಗಿಳಿದರೆ ಬೆಚ್ಚಬೇಡಿ. ಓರೆಯಾದಾಗ ಎತ್ತುವ ಬಲದ ಒಂದು ಪಾಲು ಪಕ್ಕಕ್ಕೆ ಹೋಯಿತು, ಅಷ್ಟೇ. ಎಡಗೈಯಿಂದ ತುಸು ಏರಿಸಿ. ಎತ್ತರದಿಂದ ನೇರವಾಗಿ ದಡದಡ ಇಳಿಸುವುದು ಮಾತ್ರ ಅಪಾಯ. ತಾನೇ ಕೆಳಕ್ಕೆ ತಳ್ಳಿದ ಸುಳಿಗಾಳಿಯೊಳಕ್ಕೆ ತಾನೇ ಇಳಿದರೆ ಪ್ರೊಪೆಲರಿಗೆ ಹಿಡಿತ ಸಿಗುವುದಿಲ್ಲ, ಡ್ರೋನ್ ನಡುಗುತ್ತಾ ಕುಸಿಯುತ್ತದೆ. ಆಗ ಮೇಲಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ, ಹೊಸ ಗಾಳಿಗೆ ಸರಿಸುವುದು ಜಾಣತನ. ಯಾವುದಕ್ಕಾದರೂ ಬಡಿದೇಬಿಟ್ಟರೆ ಒಡನೆಯೇ ಎಡಗೈ ಸ್ಟಿಕ್ಕನ್ನು ಪೂರ್ತಿ ಕೆಳಕ್ಕೆ ಎಳೆಯಿರಿ. ಹುಲ್ಲಿನಲ್ಲಿ ಸಿಕ್ಕಿದ ಪ್ರೊಪೆಲರನ್ನು ತಿರುಗಿಸಲು ಒದ್ದಾಡುವ ಮೋಟಾರ್ ಸುಟ್ಟುಹೋಗುತ್ತದೆ.

ಇದ್ದಲ್ಲೇ ನಿಲ್ಲಿಸುವುದು, ನಾಲ್ಕು ಮೂಲೆಯ ಚೌಕ ಹಾಕುವುದು ಬಂದ ಮೇಲೆ ನಿಜವಾದ ಪರೀಕ್ಷೆ. ಡ್ರೋನಿನ ಮೂತಿಯನ್ನು ನಿಮ್ಮ ಕಡೆಗೆ ತಿರುಗಿಸಿ. ಈಗ ಬಲಕ್ಕೆ ಎಂದು ಸ್ಟಿಕ್ ಸರಿಸಿದರೆ ಅದು ನಿಮ್ಮ ಎಡಕ್ಕೆ ಹೋಗುತ್ತದೆ! ಅದರ ಬಲ ನಿಮ್ಮ ಎಡ. ಎದುರಿಗೆ ನಿಂತ ಗೆಳತಿಗೆ ಬಲಗೈ ಎತ್ತಲು ಹೇಳಿದಂತೆಯೇ. ಗೊಂದಲವಾದರೆ ಮೇಲೆ ಕೆಳಗೆ ಮಾಡದೆ, ಬಾಲ ನಿಮ್ಮ ಕಡೆ ಬರುವವರೆಗೆ ಇದ್ದಲ್ಲೇ ತಿರುಗಿಸಿ, ಉಸಿರು ಬಿಟ್ಟು ಮತ್ತೆ ಶುರು ಮಾಡಿ. ಇದು ಕೈಗೆ ಕೂತಮೇಲೆ ಗಾಳಿಯಲ್ಲಿ ಕನ್ನಡದ ೮ ಅಲ್ಲ, ಇಂಗ್ಲಿಷಿನ ಎಂಟನ್ನು ಬರೆಯಿರಿ. ಆ ಎಂಟಿನಲ್ಲಿ ಮೂತಿ ನಿಮ್ಮ ಕಡೆಗೆ ಬರುವ ಅರ್ಧದಲ್ಲೇ ಹೊಸಬರ ಡ್ರೋನ್ ಬೇಲಿಗೆ ನುಗ್ಗುವುದು, ಹಾಗಾಗಿ ಆ ಅರ್ಧವನ್ನೇ ಮೊದಲು ಬೇರೆಯಾಗಿ, ನಿಧಾನಕ್ಕೆ ಅಭ್ಯಾಸ ಮಾಡಿ.